ಗೀಸರ್ ಎಷ್ಟು ವರ್ಷ ಬಾಳುತ್ತದೆ, ಯಾವಾಗ ಬದಲಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ನೇರವಾಗಿ ಹೇಳಿ: ಒಂದು ಗೀಸರ್ ಎಷ್ಟು ವರ್ಷ ಬರುತ್ತದೆ?

ನೀರು ತುಂಬಿಟ್ಟುಕೊಂಡು ಕಾಯಿಸುವ ಟ್ಯಾಂಕ್ ಗೀಸರ್ ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತದೆ. ನೀರು ಹರಿಯುತ್ತಿರುವಾಗಲೇ ಕಾಯಿಸುವ, ಇಡೀ ಮನೆಗೆ ಒದಗುವ ದೊಡ್ಡ ಗ್ಯಾಸ್ ಹೀಟರ್‌ಗೆ ವರ್ಷಕ್ಕೊಮ್ಮೆ ಸರ್ವಿಸ್ ಆಗುತ್ತಿದ್ದರೆ 15ರಿಂದ 20 ವರ್ಷದ ಆಯುಷ್ಯ. ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರು ಕಾಯಿಸುವ ಹೀಟ್ ಪಂಪ್ ಮಾದರಿಗೆ 10ರಿಂದ 15. ಸೋಲಾರ್‌ನಲ್ಲಿ ಛಾವಣಿಯ ಮೇಲಿನ ಫಲಕ 20 ವರ್ಷ ದಾಟುವುದುಂಟು, ಅದರ ಟ್ಯಾಂಕ್ ಅಷ್ಟು ದೂರ ಬರುವುದು ಕಡಿಮೆ.

ಇವೆಲ್ಲ ಸರಾಸರಿಯ ಮಾತು. ಗೀಸರ್‌ನಲ್ಲಿ ನಿಜಕ್ಕೂ ಆಯುಷ್ಯ ಎಂಬುದಿರುವುದು ಟ್ಯಾಂಕಿಗೆ. ಕಾಯಿಲ್, ನೀರು ಸಾಕಷ್ಟು ಕಾದಾಗ ಅದನ್ನು ಆರಿಸುವ ಥರ್ಮೋಸ್ಟಾಟ್, ವಾಲ್ವ್, ವಾಷರ್ ಎಲ್ಲವೂ ಬಿಡಿಭಾಗಗಳು; ಹೋದರೆ ಬೇರೆ ಹಾಕಿಸಬಹುದು. ಟ್ಯಾಂಕ್ ತೂತು ಬಿದ್ದರೆ ಅಲ್ಲಿಗೆ ಮುಗಿಯಿತು. ಮುಂದಿನ ಬಹುತೇಕ ಉತ್ತರಗಳು ಸುತ್ತಿ ಬಳಸಿ ಟ್ಯಾಂಕ್ ಹೇಗಿದೆ ಎಂಬಲ್ಲಿಗೇ ಬಂದು ನಿಲ್ಲುವುದು ಅದಕ್ಕೇ.

ಅದೇ ಕಂಪನಿಯ ಅದೇ ಮಾದರಿ ಒಬ್ಬರ ಮನೆಯಲ್ಲಿ ಐದು ವರ್ಷಕ್ಕೇ ಸೋರಿತು, ಇನ್ನೊಬ್ಬರ ಮನೆಯಲ್ಲಿ ಹದಿನೈದಾದರೂ ಗಟ್ಟಿಮುಟ್ಟಾಗಿದೆ. ಏಕೆ?

ಹತ್ತರಲ್ಲಿ ಎಂಟು ಪಾಲು ನೀರಿನ ಕಾರಣ ಎಂದು ನನ್ನ ಅಂದಾಜು. ಗಡಸುತನ, ಅಂದರೆ ನೀರಿನಲ್ಲಿ ಕರಗಿರುವ ಸುಣ್ಣದಂಥ ಅಂಶ, ಲೀಟರ್‌ಗೆ 60 ಮಿಲಿಗ್ರಾಂ ಒಳಗಿದ್ದರೆ ಅದು ಮೆದು ನೀರು. 180 ದಾಟಿದರೆ ಬಲು ಗಡಸು. ಸಕ್ಕರೆ, ಉಪ್ಪು ಬಿಸಿನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ಸುಣ್ಣದ ಸ್ವಭಾವ ತಿರುಗುಮುರುಗು. ತಣ್ಣೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ನೀರು ಬಿಸಿಯಾದಂತೆ ಒಡೆದು ಕಾರ್ಬೊನೇಟ್ ಆಗಿ, ಕಾಯಿಲ್ ಮೇಲೂ ಟ್ಯಾಂಕಿನ ತಳದಲ್ಲೂ ಬೆಳ್ಳಗೆ ಕೂರುತ್ತದೆ. ಎಷ್ಟು ಬಿಸಿಯೋ ಅಷ್ಟು ಬೇಗ.

ಹಾಗೆಂದು ಮೆದು ನೀರು ನಿರಪರಾಧಿ ಎಂದೇನಲ್ಲ. ಆಮ್ಲೀಯ ಗುಣದ ಮೆದು ನೀರು ಲೋಹವನ್ನೇ ತಿನ್ನುತ್ತದೆ. ನೀರಿನ ಗಡಸು ತೆಗೆಯುವ ಸಾಫ್ಟನರ್ ಹಾಕಿಸಿಕೊಂಡವರ ಮನೆಯಲ್ಲಿ ಸುಣ್ಣ ಕಟ್ಟುವುದು ನಿಂತರೂ, ಆ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ಒಳಗಿನ ಆನೋಡ್ ಕಡ್ಡಿ ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿಗೆ ಕ್ಲೋರೈಡ್ ಹೆಚ್ಚಿರುವ ನೀರು ಆಗದು; ಬೆಸುಗೆಯ ಹತ್ತಿರ ಸೂಜಿಮೊನೆಯಷ್ಟು ತೂತು ಬೀಳುವುದು ಅಂಥ ಕಡೆಯೇ. ಇದರ ಮೇಲೆ ನೀರಿನ ಲೈನಿನ ಒತ್ತಡ, ದಿನಕ್ಕೆ ಎಷ್ಟು ಸಲ ಕಾದು ತಣಿಯುತ್ತದೆ, ಎಷ್ಟು ಜನ ಬಳಸುತ್ತಾರೆ ಎಂಬುದೂ ಸೇರುತ್ತದೆ.

ಆನೋಡ್ ಕಡ್ಡಿ ಎಂದಿರಿ. ಅದೇನು?

ಗೀಸರ್ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಇದರ ಹೆಸರೇ ಕೇಳಿರುವುದಿಲ್ಲ. ಟ್ಯಾಂಕಿನ ಆಯುಷ್ಯ ನಿಂತಿರುವುದು ಮಾತ್ರ ಇದರ ಮೇಲೆಯೇ.

ಉಕ್ಕಿನ ಟ್ಯಾಂಕಿನ ಒಳಮೈಗೆ ಗಾಜಿನಂಥ ಎನಾಮಲ್ ಲೇಪ ಹಾಕಿ ಕುಲುಮೆಯಲ್ಲಿ ಸುಟ್ಟಿರುತ್ತಾರೆ. ಎಷ್ಟೇ ನಾಜೂಕಾಗಿ ಹಾಕಿದರೂ ಆ ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಕಾದು ತಣಿದು ಹೊಸ ಬಿರುಕುಗಳೂ ಹುಟ್ಟುತ್ತವೆ. ಅಲ್ಲಿ ನೀರು ಉಕ್ಕನ್ನು ಮುಟ್ಟುತ್ತದೆ, ತುಕ್ಕು ಶುರುವಾಗುತ್ತದೆ. ಇದನ್ನು ತಡೆಯಲು ಟ್ಯಾಂಕಿನೊಳಗೆ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂನ ಒಂದು ಕಡ್ಡಿಯನ್ನು ಇಳಿಬಿಟ್ಟಿರುತ್ತಾರೆ. ಉಕ್ಕಿಗಿಂತ ಬೇಗ ಕರಗುವ ಲೋಹವಾದ್ದರಿಂದ ತುಕ್ಕಿನ ಪಾಲನ್ನೆಲ್ಲ ಅದೇ ಉಣ್ಣುತ್ತದೆ, ಉಕ್ಕು ಉಳಿಯುತ್ತದೆ.

ಉಪಾಯ ಹಳೆಯದು. 1824ರಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿ ಬ್ರಿಟನ್ನಿನ ಯುದ್ಧನೌಕೆಗಳ ತಾಮ್ರದ ತಳವನ್ನು ಉಳಿಸಲು ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸಿ ನೋಡಿದ್ದ. ತಾಮ್ರವೇನೋ ಉಳಿಯಿತು. ಆದರೆ ತಾಮ್ರ ಕರಗುವುದು ನಿಂತಾಗ ಅದರ ವಿಷವೂ ನಿಂತು, ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಮುತ್ತಿಕೊಂಡು ವೇಗ ತಗ್ಗಿತು! ಗೀಸರ್‌ನಲ್ಲಿ ಆ ತಾಪತ್ರಯವಿಲ್ಲ.

ಕಡ್ಡಿ ಮುಗಿದ ದಿನದಿಂದ ಟ್ಯಾಂಕಿನ ಸವೆತ ಆರಂಭ. ನನ್ನನ್ನು ಕೇಳಿದರೆ, ಗೀಸರ್‌ನ ವಯಸ್ಸನ್ನು ಅಂದಿನಿಂದಲೇ ಎಣಿಸಬೇಕು.

ಅದನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು? ಹೋಗಿದೆ ಎಂದು ಗೊತ್ತಾಗುವುದು ಹೇಗೆ?

ಗಡಸು ನೀರಾದರೆ ಅಥವಾ ಸಾಫ್ಟನರ್ ಇದ್ದರೆ ವರ್ಷಕ್ಕೊಮ್ಮೆ, ಇಲ್ಲವಾದರೆ ಎರಡು ಮೂರು ವರ್ಷಕ್ಕೊಮ್ಮೆ. ಗೋಡೆಗೆ ತೂಗುಹಾಕುವ ಚಿಕ್ಕ ಗೀಸರ್‌ಗಳಲ್ಲಿ ಇದು ಹೆಚ್ಚಾಗಿ ಕೆಳಗಿನ ಮುಚ್ಚಳದಲ್ಲಿ, ಕಾಯಿಲ್ ಪಕ್ಕದಲ್ಲೇ ಇರುತ್ತದೆ. ನೆಲದ ಮೇಲೆ ನಿಲ್ಲಿಸುವ ದೊಡ್ಡವುಗಳಲ್ಲಿ ನೆತ್ತಿಯಲ್ಲಿ.

ಹೊಸ ಕಡ್ಡಿ ನುಣುಪಾಗಿ, ಬೂದುಬಿಳಿಯಾಗಿ, ಒಂದೇ ದಪ್ಪವಾಗಿರುತ್ತದೆ. ಕೆಲಸ ಮಾಡುತ್ತಿರುವ ಕಡ್ಡಿಯ ಮೈತುಂಬ ಗುಳಿಗಳು, ಅಲ್ಲಲ್ಲಿ ಕಚ್ಚಿ ತೆಗೆದಂತೆ ಸವೆತ. ಅದು ಕೆಟ್ಟ ಲಕ್ಷಣವಲ್ಲ, ಕಡ್ಡಿ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಮಧ್ಯದಲ್ಲಿರುವ ತೆಳುವಾದ ಉಕ್ಕಿನ ತಂತಿ ಗೇಣುದ್ದ ಕಾಣಿಸಿಕೊಂಡಿತೋ, ಬದಲಿಸಿ. ಬರೀ ತಂತಿಯೇ ಹೊರಬಂದರೆ ತಡವಾಗಿದೆ. ಆದರೂ ಹೊಸ ಕಡ್ಡಿ ಹಾಕಿಸಿ ನೋಡಬಹುದು. ವರ್ಷಗಟ್ಟಲೆ ಕಳೆದರೂ ಕಡ್ಡಿ ಹೊಸದರಂತೆಯೇ ಇದ್ದರೆ ಹಿಗ್ಗಬೇಡಿ. ಒಂದೋ ಅದಕ್ಕೂ ಟ್ಯಾಂಕಿಗೂ ವಿದ್ಯುತ್ ಸಂಪರ್ಕ ಸರಿಯಿಲ್ಲ, ಇಲ್ಲವೇ ಮೇಲೆ ಗಟ್ಟಿ ಪದರ ಕಟ್ಟಿಕೊಂಡು ಕಡ್ಡಿ ಸುಮ್ಮನಾಗಿದೆ.

ನಮ್ಮ ಗೀಸರ್‌ಗೆ ಎಷ್ಟು ವಯಸ್ಸಾಯಿತು ಎಂದೇ ಗೊತ್ತಿಲ್ಲ. ಬಾಡಿಗೆ ಮನೆ, ಬಿಲ್ ಇಲ್ಲ.

ಹೊರಮೈಯಲ್ಲಿ ಒಂದು ಪಟ್ಟಿ ಅಂಟಿಸಿರುತ್ತಾರೆ: ಎಷ್ಟು ಲೀಟರ್, ಎಷ್ಟು ವಾಟ್, ಎಷ್ಟು ಒತ್ತಡ ತಡೆಯುತ್ತದೆ ಎಂದು. ಅದರಲ್ಲೇ ತಯಾರಾದ ತಿಂಗಳು, ವರ್ಷ ಇರಬಹುದು. ಇಲ್ಲದಿದ್ದರೆ ಸೀರಿಯಲ್ ಸಂಖ್ಯೆಯ ಮೊದಲ ಕೆಲವು ಅಂಕಿಗಳಲ್ಲಿ ವರ್ಷವೂ ವಾರವೋ ತಿಂಗಳೋ ಅಡಗಿರುವುದುಂಟು. ಪ್ರತಿ ಕಂಪನಿಯ ಪದ್ಧತಿ ಬೇರೆ. ಸಂಖ್ಯೆಯ ಫೋಟೊ ತೆಗೆದು ಅವರ ಗ್ರಾಹಕ ಸೇವೆಗೆ ಕೇಳಿದರೆ ಹೇಳುತ್ತಾರೆ.

ಕೆಳಗೆ ನೀರು ಜಿನುಗುತ್ತಿದೆ. ಹೊಸದು ಕೊಳ್ಳಲೇಬೇಕೆ?

ಎಲ್ಲಿಂದ ಜಿನುಗುತ್ತಿದೆ ಎಂದು ಮೊದಲು ನೋಡಿ. ಸ್ವಿಚ್ ಆರಿಸಿ, ಮೈಯೆಲ್ಲ ಒರೆಸಿ, ಪ್ರತಿ ಜೋಡಣೆಗೂ ಒಣ ಕಾಗದದ ಚೂರು ಸುತ್ತಿ ಅರ್ಧ ಗಂಟೆ ಬಿಡಿ. ಮೊದಲು ಒದ್ದೆಯಾದ ಕಾಗದವೇ ಉತ್ತರ. ಪೈಪಿನ ಜೋಡಣೆಯೋ, ಕಾಯಿಲ್ ಕೂರುವ ಮುಚ್ಚಳದ ಗ್ಯಾಸ್ಕೆಟ್ಟೋ, ವಾಲ್ವೋ ಆದರೆ ಚಿಕ್ಕ ರಿಪೇರಿ. ಗ್ಯಾಸ್ ಹೀಟರ್ ತಣ್ಣೀರು ತುಂಬಿ ಶುರುವಾದಾಗ ಮೈ ಬೆವರಿ ಕೆಲವು ಹನಿ ಬೀಳುವುದೂ ಇದೆ. ಕಾದ ಮೇಲೆ ಅದು ತಾನೇ ನಿಲ್ಲುತ್ತದೆ.

ಎಲ್ಲ ಜೋಡಣೆಗಳೂ ಒಣಗಿದ್ದು, ಹೊರಕವಚದ ಒಳಗಿನಿಂದ ನೀರು, ಅದರಲ್ಲೂ ಕಂದು ಬಣ್ಣದ ನೀರು ಇಳಿಯುತ್ತಿದ್ದರೆ ಅದು ಟ್ಯಾಂಕ್. ಅಂಟು ಹಚ್ಚುತ್ತೇನೆ, ಬೆಸುಗೆ ಹಾಕುತ್ತೇನೆ ಎನ್ನುವವರಿಗೆ ಹಣ ಕೊಡಬೇಡಿ. ಒಂದು ಕಡೆ ತೂತು ಬಿದ್ದ ಟ್ಯಾಂಕಿನ ಲೇಪ ಉಳಿದ ಕಡೆಯೂ ಸೋತಿರುತ್ತದೆ, ಬೆಸುಗೆಯ ಶಾಖಕ್ಕೆ ಉಳಿದ ಎನಾಮಲ್ಲೂ ಸಿಡಿಯುತ್ತದೆ. ಸ್ವಿಚ್ ಆರಿಸಿ, ನೀರಿನ ವಾಲ್ವ್ ಮುಚ್ಚಿ, ಹೊಸದಕ್ಕೆ ಹೊರಡಿ.

ಬಿಸಿನೀರು ಕೆಂಪಗೆ ಬರುತ್ತಿದೆ.

ಎರಡು ಬಿಳಿ ಬಟ್ಟಲು ತೆಗೆದುಕೊಳ್ಳಿ. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು ಹಿಡಿಯಿರಿ. ಎರಡೂ ಕೆಂಪಾದರೆ ದೋಷ ಪೈಪಿನದೋ ಸರಬರಾಜಿನದೋ. ಬಿಸಿನೀರು ಮಾತ್ರ ಕೆಂಪಾದರೆ, ಗೀಸರ್‌ನಿಂದ ನಲ್ಲಿಗೆ ಬರುವ ಪೈಪು ಕಬ್ಬಿಣದ್ದೇ ಎಂದು ಕೇಳಿಕೊಳ್ಳಿ. ಅದೂ ಅಲ್ಲವಾದರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತಿದೆ. ಸೋರಲು ತಿಂಗಳುಗಳೇ ಹಿಡಿಯಬಹುದು, ಆದರೆ ಹೊಸದಕ್ಕೆ ಹಣ ಎತ್ತಿಡುವ ಕಾಲ ಬಂದಿದೆ.

ಬಿಸಿನೀರಿಗೆ ಕೊಳೆತ ಮೊಟ್ಟೆಯ ವಾಸನೆ. ಗೀಸರ್ ಹಾಳಾಯಿತೆ?

ಇಲ್ಲ, ಈ ಕಾರಣಕ್ಕೆ ಗೀಸರ್ ಬದಲಿಸಬೇಡಿ. ನೀರಿನಲ್ಲಿರುವ ಸಲ್ಫೇಟ್ ತಿಂದು ಬದುಕುವ ಒಂದು ಬಗೆಯ ಬ್ಯಾಕ್ಟೀರಿಯಾ, ಮೆಗ್ನೀಸಿಯಂ ಕಡ್ಡಿಯ ಸಹವಾಸದಲ್ಲಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಟ್ಯಾಂಕ್ ಖಾಲಿ ಮಾಡಿಸಿ, ಕ್ಲೋರಿನ್ ಹಾಕಿ ತೊಳೆಸಿ, ಸತು ಬೆರೆತ ಅಲ್ಯೂಮಿನಿಯಂ ಕಡ್ಡಿ ಹಾಕಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ವಾಸನೆ ಬರುತ್ತದೆಂದು ಕಡ್ಡಿಯನ್ನೇ ಕಿತ್ತು ಬಿಸಾಡುವವರಿದ್ದಾರೆ. ವಾಸನೆ ನಿಲ್ಲುತ್ತದೆ, ಟ್ಯಾಂಕೂ ಬೇಗ ಹೋಗುತ್ತದೆ.

ಕಾಯುವಾಗ ಒಳಗಿನಿಂದ ಟಪಟಪ, ಗುಡುಗುಡು ಸದ್ದು.

ತಳದಲ್ಲಿ ಸುಣ್ಣ ಕೂತಿದೆ. ಆ ಪದರದ ಕೆಳಗೆ ಸಿಕ್ಕಿಕೊಂಡ ನೀರು ಕುದಿದು ಆವಿಯಾಗಿ ಗುಳ್ಳೆಯೊಡೆದು ಮೇಲೇಳುವ ಸದ್ದು ಅದು. ಟ್ಯಾಂಕಿನ ತಳಕ್ಕೇ ಉರಿ ತಾಗುವ ಗ್ಯಾಸ್ ಗೀಸರ್‌ನಲ್ಲಿ ಇದು ಎರಡು ಬಗೆಯಲ್ಲಿ ನಷ್ಟ: ಶಾಖ ನೀರಿಗೆ ಹತ್ತದೆ ಹೊಗೆಕೊಳವೆಯಲ್ಲಿ ಹೋಗುತ್ತದೆ, ಕೆಳಗಿನ ಉಕ್ಕು ಅತಿಯಾಗಿ ಕಾದು ಲೇಪ ಬಿರಿಯುತ್ತದೆ.

ವಿದ್ಯುತ್ ಗೀಸರ್‌ನಲ್ಲಿ ಕಥೆ ಸ್ವಲ್ಪ ಬೇರೆ. ಸುಣ್ಣ ಕಟ್ಟಿದ ಕಾಯಿಲ್ ವಿಪರೀತ ಕರೆಂಟ್ ತಿನ್ನುತ್ತದೆ ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಕಾಯಿಲ್ ಮುಳುಗಿರುವುದೇ ನೀರಿನಲ್ಲಿ. ಅದರ ಶಾಖ ತಡವಾದರೂ ನೀರಿಗೇ ಸೇರಬೇಕು, ಬೇರೆ ದಾರಿಯಿಲ್ಲ. ಹಾಳಾಗುವುದು ಕಾಯಿಲ್. ಶಾಖ ಹೊರಹೋಗಲಾಗದೆ ತಾನೇ ಕೆಂಡವಾಗಿ, ಹೊರಕೊಳವೆ ಸೀಳಿ, ಒಂದು ದಿನ ಸರ್ಕ್ಯೂಟ್ ಬ್ರೇಕರ್ ಬೀಳಿಸುತ್ತದೆ.

ಸದ್ದು ಈಗಷ್ಟೇ ಶುರುವಾಗಿದ್ದರೆ ತೊಳೆಸಿ. ಹತ್ತು ವರ್ಷ ಒಮ್ಮೆಯೂ ತೊಳೆಯದ ಟ್ಯಾಂಕಿನಲ್ಲಿ ಸುಣ್ಣ ಕಲ್ಲಾಗಿರುತ್ತದೆ, ತೊಳೆದರೂ ಬಾರದು.

ಮೊದಲಿನಷ್ಟು ಬೇಗ ಕಾಯುವುದಿಲ್ಲ ಅನ್ನಿಸುತ್ತಿದೆ. ನಿಜವೋ ಭ್ರಮೆಯೋ?

ಅಳೆದು ನೋಡಿ, ಕಷ್ಟವೇನಿಲ್ಲ. ಒಂದು ಯೂನಿಟ್ ವಿದ್ಯುತ್ 860 ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸುತ್ತದೆ. 25 ಲೀಟರ್‌ನ ಗೀಸರ್‌ನಲ್ಲಿ 25 ಡಿಗ್ರಿಯ ನೀರು 60 ಡಿಗ್ರಿಗೆ ಏರಬೇಕಾದರೆ 25ನ್ನು 35ರಿಂದ ಗುಣಿಸಿ 860ರಿಂದ ಭಾಗಿಸಿ: ಒಂದು ಯೂನಿಟ್‌ಗಿಂತ ತುಸು ಹೆಚ್ಚು. 2 ಕಿಲೋವಾಟ್ ಕಾಯಿಲ್‌ಗೆ ಅದು ಅರ್ಧ ಗಂಟೆಯ ಕೆಲಸ. ಟ್ಯಾಂಕ್ ಪೂರ್ತಿ ತಣ್ಣಗಿರುವಾಗ ಸ್ವಿಚ್ ಹಾಕಿ, ದೀಪ ಆರುವವರೆಗಿನ ಸಮಯ ನೋಡಿಕೊಳ್ಳಿ.

ಲೆಕ್ಕಕ್ಕೆ ಐದತ್ತು ನಿಮಿಷ ಆಚೀಚೆ ಬಂದರೆ ಗೀಸರ್ ಸರಿಯಿದೆ. ಚಳಿಗಾಲದಲ್ಲಿ ನೀರು ಹೆಚ್ಚು ತಣ್ಣಗಿರುವುದರಿಂದ ಹಾಗನ್ನಿಸಿರಬಹುದು. ಎರಡರಷ್ಟು ಹೊತ್ತು ಹಿಡಿದರೆ ಎರಡು ಕಾಯಿಲ್ ಇರುವ ಮಾದರಿಯಲ್ಲಿ ಒಂದು ಹೋಗಿದೆ. ವೋಲ್ಟೇಜ್ ಕೂಡ ನೋಡಿಸಿ: 230 ವೋಲ್ಟ್‌ಗೆ ಮಾಡಿದ ಕಾಯಿಲ್‌ಗೆ 200 ಮಾತ್ರ ಸಿಕ್ಕರೆ ಅದರ ಬಲ ಮುಕ್ಕಾಲಿಗೆ ಇಳಿಯುತ್ತದೆ. ಬೇಗನೆ ದೀಪ ಆರಿ ನೀರು ಉಗುರುಬೆಚ್ಚಗೇ ಉಳಿದರೆ ಥರ್ಮೋಸ್ಟಾಟ್. ಇವು ಯಾವುವೂ ಹೊಸ ಗೀಸರ್ ಕೊಳ್ಳುವ ಕಾರಣಗಳಲ್ಲ.

ಎರಡು ಬಕೆಟ್ ಬರುತ್ತಿದ್ದ ಬಿಸಿನೀರು ಈಗ ಒಂದೇ ಬಕೆಟ್‌ಗೆ ತಣ್ಣಗಾಗುತ್ತದೆ.

ಒಳಬರುವ ತಣ್ಣೀರನ್ನು ಟ್ಯಾಂಕಿನ ತಳದಲ್ಲಿ ಬಿಡುವ ಪ್ಲಾಸ್ಟಿಕ್ ಕೊಳವೆಯೊಂದು ಒಳಗಿರುತ್ತದೆ. ಅದು ಮುರಿದರೆ ತಣ್ಣೀರು ನೇರವಾಗಿ ಬಿಸಿನೀರಿಗೆ ಬೆರೆಯುತ್ತದೆ. ಬದಲಿಸಬಹುದು.

ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ.

ಈಗಲೇ ಮೇನ್ ಸ್ವಿಚ್ ಆರಿಸಿ. ಉಳಿದದ್ದನ್ನು ಆಮೇಲೆ ಓದಿ.

ಕಾಯಿಲ್ ಸೀಳಿದರೆ ವಿದ್ಯುತ್ ನೀರಿಗೆ ಇಳಿಯುತ್ತದೆ. ಅರ್ಥಿಂಗ್ ಸರಿಯಿದ್ದು, 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಇದ್ದರೆ ಅದು ಕೂಡಲೇ ಬೀಳಬೇಕಿತ್ತು. ನಿಮಗೆ ಜುಮ್ಮೆಂದಿತು ಎಂದರೆ ಗೀಸರ್ ಜೊತೆಗೆ ಮನೆಯ ವೈರಿಂಗ್‌ನಲ್ಲೂ ದೋಷವಿದೆ. ಗೀಸರ್ ಮಾತ್ರ ಬದಲಿಸಿ ಅರ್ಥಿಂಗ್ ನೋಡದೆ ಬಿಟ್ಟರೆ ಅಪಾಯ ಅಲ್ಲೇ ಕಾದಿರುತ್ತದೆ. ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸುವವರೆಗೆ ಆ ಸ್ನಾನದ ಮನೆಯಲ್ಲಿ ಗೀಸರ್ ಹಾಕಬೇಡಿ.

ಸೇಫ್ಟಿ ವಾಲ್ವ್‌ನಿಂದ ಹನಿ ಬೀಳುತ್ತದೆ. ಅದಕ್ಕೆ ಬಿರಡೆ ಹಾಕಬಹುದೆ?

ಎಂದಿಗೂ ಕೂಡದು. ನೀರು ಕಾದರೆ ಹಿಗ್ಗುತ್ತದೆ. 100 ಲೀಟರ್ 20ರಿಂದ 60 ಡಿಗ್ರಿಗೆ ಏರಿದರೆ ಸುಮಾರು ಒಂದೂವರೆ ಲೀಟರ್ ಹೆಚ್ಚುತ್ತದೆ. ಲೈನಿನಲ್ಲಿ ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಅದು ವಾಲ್ವ್ ಮೂಲಕ ಹೊರಬರಲೇಬೇಕು. ಕಾಯುವಾಗ ಮಾತ್ರ ಹನಿ ಬಿದ್ದರೆ ಅದು ಸಹಜ. ತಣ್ಣಗಿರುವಾಗಲೂ ಸುರಿಯುತ್ತಿದ್ದರೆ ವಾಲ್ವ್‌ನೊಳಗೆ ಕಸ ಸಿಕ್ಕಿದೆ, ಅಥವಾ ಲೈನಿನ ಒತ್ತಡವೇ ಜಾಸ್ತಿ. ಹೆಚ್ಚಿದ ಒತ್ತಡ ಟ್ಯಾಂಕಿನ ಆಯುಷ್ಯವನ್ನೂ ತಿನ್ನುವುದರಿಂದ ಅದನ್ನು ತಗ್ಗಿಸುವ ವಾಲ್ವ್ ಹಾಕಿಸಿ. ಸೇಫ್ಟಿ ವಾಲ್ವ್‌ಗೆ ಹಿಡಿಕೆಯಿದ್ದರೆ ವರ್ಷಕ್ಕೊಮ್ಮೆ ಎತ್ತಿ ಬಿಟ್ಟು, ಅಂಟಿಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಬರುವ ನೀರು ಬಿಸಿಯಿರುತ್ತದೆ, ಕೈ ದೂರವಿರಲಿ.

ರಿಪೇರಿ ಮಾಡಿಸಲೋ, ಹೊಸದು ತರಲೋ?

ರಿಪೇರಿಯ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಹೊಸದು ಎಂಬ ಲೆಕ್ಕ ಚಾಲ್ತಿಯಲ್ಲಿದೆ. ಕೆಟ್ಟ ಲೆಕ್ಕವಲ್ಲ, ಆದರೆ ಟ್ಯಾಂಕಿನ ಸ್ಥಿತಿಯನ್ನು ಅದು ಕೇಳುವುದೇ ಇಲ್ಲ. ಕಾಯಿಲ್ ಬದಲಿಸಲು ಮುಚ್ಚಳ ಬಿಚ್ಚಿದಾಗ ಟಾರ್ಚ್ ಹಾಕಿ ಒಳಗೆ ನೋಡಲು ಹೇಳಿ. ಒಳಗೋಡೆ ನೀಲಿಯಾಗಿಯೋ ಬೂದಾಗಿಯೋ ಹೊಳೆಯುತ್ತಿದ್ದರೆ ಒಂಬತ್ತು ವರ್ಷದ ಗೀಸರ್‌ಗೂ ಹೊಸ ಕಾಯಿಲ್, ಹೊಸ ಆನೋಡ್ ಹಾಕಿಸುವುದು ಲಾಭ. ಕಂದು ಗೆರೆಗಳು ಇಳಿದಿದ್ದರೆ, ಬೆಸುಗೆಯ ಸಾಲಿನಲ್ಲಿ ತುಕ್ಕಿನ ಹೊಪ್ಪಳೆ ಎದ್ದಿದ್ದರೆ ಐದು ವರ್ಷದ್ದಕ್ಕೂ ದುಡ್ಡು ಸುರಿಯಬೇಡಿ.

ಹನ್ನೆರಡು ವರ್ಷವಾಯಿತು, ಯಾವ ತೊಂದರೆಯೂ ಇಲ್ಲ. ಸುಮ್ಮನೆ ಬದಲಿಸಬೇಕೆ?

ಎಲ್ಲಿ ಕೂರಿಸಿದ್ದೀರಿ ಎಂಬುದರ ಮೇಲಿದೆ. ನೀರು ಹರಿದು ಹೋಗಲು ಮೋರಿಯಿರುವ ಸ್ನಾನದ ಮನೆಯ ಗೋಡೆಯ ಮೇಲಿದ್ದರೆ, ಓಡುವಷ್ಟು ದಿನ ಓಡಲಿ. ಅಟ್ಟದ ಮೇಲೋ, ಮರದ ನೆಲದ ಮೇಲೋ, ಬೇರೆಯವರ ಮನೆಯ ಚಾವಣಿಯ ಮೇಲೋ ಇದ್ದರೆ ಅದು ಕೆಡುವವರೆಗೆ ಕಾಯುತ್ತ ಕೂರುವುದು ಜಾಣತನವಲ್ಲ. ಟ್ಯಾಂಕ್ ತೂತಾದರೆ ಅದರಲ್ಲಿದ್ದ ನೀರಷ್ಟೇ ಹೊರಬರುವುದಿಲ್ಲ, ಲೈನಿನಿಂದ ತುಂಬುತ್ತಲೇ ಇರುತ್ತದೆ. ಮನೆ ಬೀಗ ಹಾಕಿ ಊರಿಗೆ ಹೋಗುವವರು ಕನಿಷ್ಠ ಒಳಬರುವ ವಾಲ್ವ್ ಮುಚ್ಚಿ ಹೋಗಬೇಕು.

ಗ್ಯಾಸ್ ಗೀಸರ್‌ಗೆ ಬೇರೆ ನಿಯಮವೇ?

ಇಲ್ಲಿ ಆಯುಷ್ಯದ ಮಾತಿಗಿಂತ ಮೊದಲು ಜೀವದ ಮಾತು. ಉರಿ ನೀಲಿಯಾಗಿ, ನೆಟ್ಟಗಿರಬೇಕು. ಹಳದಿಯಾಗಿ ತೂಗಾಡುತ್ತಿದ್ದರೆ, ಸುತ್ತ ಮಸಿ ಹಿಡಿದಿದ್ದರೆ ಅನಿಲ ಪೂರ್ತಿ ಉರಿಯುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದು ಎಚ್ಚರ ತಪ್ಪುತ್ತದೆ. ಗಾಳಿಯಾಡದ ಸ್ನಾನದ ಮನೆಯೊಳಗೆ ಹೊಗೆಕೊಳವೆಯಿಲ್ಲದ ಗ್ಯಾಸ್ ಗೀಸರ್ ಇದ್ದರೆ ಅದು ನಿನ್ನೆ ತಂದ ಹೊಸದಾದರೂ ಇಂದೇ ತೆಗೆಸಿ. ಮುಖ್ಯ ಉರಿಯನ್ನು ಹೊತ್ತಿಸುವ ಸಣ್ಣ ಪೈಲಟ್ ಉರಿ ಪದೇ ಪದೇ ಆರುವುದು ಮಾತ್ರ ಬಹಳ ಸಲ ಥರ್ಮೋಕಪಲ್ ಎಂಬ ಅಗ್ಗದ ಭಾಗದ ದೋಷ.

ಟ್ಯಾಂಕ್ ಇಲ್ಲದ್ದು, ಹೀಟ್ ಪಂಪ್, ಸೋಲಾರ್: ಇವು ಮುಪ್ಪಾದದ್ದು ಹೇಗೆ ಗೊತ್ತಾಗುತ್ತದೆ?

ಟ್ಯಾಂಕ್ ಇಲ್ಲದ ಹೀಟರ್‌ನಲ್ಲಿ ಸುಣ್ಣ ಕಟ್ಟುವುದು ಶಾಖ ದಾಟಿಸುವ ತೆಳು ಕೊಳವೆಗಳಲ್ಲಿ. ನೀರಿನ ಧಾರೆ ಸಣ್ಣದಾಗುತ್ತದೆ, ಬಿಸಿ ಏರಿಳಿಯುತ್ತದೆ. ವಿನಿಗರ್ ಅಥವಾ ಸಿಟ್ರಿಕ್ ಆಮ್ಲದ ದ್ರಾವಣವನ್ನು ವರ್ಷಕ್ಕೊಮ್ಮೆ ಒಳಗೆ ಸುತ್ತಿಸಿದರೆ ಸರಿಹೋಗುತ್ತದೆ. ಆ ಕೊಳವೆಯೇ ಸೋರಿದರೆ, ಹಳೆಯ ಹೀಟರ್‌ಗೆ ಅದನ್ನು ಹಾಕಿಸುವುದು ದುಬಾರಿ.

ಹೀಟ್ ಪಂಪ್‌ನ ಗಾಳಿ ಜಾಲರಿ ಶುಚಿಯಾಗಿರಲಿ. ಕಂಪ್ರೆಸರ್ ಹೋದರೆ ರಿಪೇರಿಯೋ ಹೊಸದೋ ಎಂಬ ಲೆಕ್ಕ ಮತ್ತೆ ಹಾಕಿ. ಸೋಲಾರ್‌ನ ಗಾಜಿನ ಕೊಳವೆಗಳ ತುದಿಯಲ್ಲಿ ಬೇರಿಯಂನ ಬೆಳ್ಳಿ ಹೊಳಪಿನ ಕಲೆಯಿರುತ್ತದೆ. ಅದು ಹಾಲಿನಂತೆ ಬೆಳ್ಳಗಾದರೆ ಆ ಕೊಳವೆಯ ನಿರ್ವಾತ ಹೋಗಿದೆ; ಆ ಒಂದನ್ನೇ ಬದಲಿಸಿದರಾಯಿತು.

ಉಷ್ಣತೆ ಎಷ್ಟಕ್ಕಿಟ್ಟರೆ ಹೆಚ್ಚು ಬಾಳುತ್ತದೆ?

ಕಡಿಮೆಯಿದ್ದಷ್ಟೂ ಟ್ಯಾಂಕಿಗೆ ಒಳ್ಳೆಯದು, ಆದರೆ ಟ್ಯಾಂಕ್ ಒಂದೇ ನೋಡುವಂತಿಲ್ಲ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, 60 ಡಿಗ್ರಿಯಲ್ಲಿ ಸಾಯುತ್ತದೆ. ಅದೇ 60 ಡಿಗ್ರಿಯ ನೀರು ನೇರವಾಗಿ ಮೈಗೆ ಬಿದ್ದರೆ ಐದಾರು ಸೆಕೆಂಡಿನಲ್ಲಿ ಸುಟ್ಟ ಗಾಯ. ಟ್ಯಾಂಕಿನಲ್ಲಿ 60 ಇಟ್ಟು, ನಲ್ಲಿಗೆ ತಣ್ಣೀರು ಬೆರೆಸಿ ಕಳಿಸುವ ಮಿಕ್ಸಿಂಗ್ ವಾಲ್ವ್ ಹಾಕಿಸುವುದು ಮಕ್ಕಳು, ವಯಸ್ಸಾದವರು ಇರುವ ಮನೆಗೆ ಸರಿಯಾದ ದಾರಿ. 75ಕ್ಕೆ ತಿರುಗಿಸಿ ಬಿಟ್ಟವರ ಗೀಸರ್ ಸುಣ್ಣ ಕಟ್ಟಿ ಬೇಗ ಹೋದರೆ ಅಚ್ಚರಿಯೇನಿಲ್ಲ.

ಹೆಚ್ಚು ವರ್ಷದ ವಾರಂಟಿ ಕೊಟ್ಟರೆ ಹೆಚ್ಚು ಬಾಳುತ್ತದೆಯೆ?

ಕೆಲವು ಸಲ ಹೌದು: ದಪ್ಪ ಆನೋಡ್, ಎರಡು ಆನೋಡ್ ಇರಬಹುದು. ಕೆಲವು ಸಲ ವ್ಯತ್ಯಾಸವೆಲ್ಲ ಕಾಗದದ ಮೇಲೆ. ಟ್ಯಾಂಕ್, ಕಾಯಿಲ್, ಇಡೀ ಯಂತ್ರ ಮೂರಕ್ಕೂ ಬೇರೆ ಬೇರೆ ಅವಧಿ ಬರೆದಿರುತ್ತಾರೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವುದು ಟ್ಯಾಂಕಿನದು. ಆನೋಡ್ ಬದಲಿಸಿದ ದಾಖಲೆ ಕೇಳುವ ಷರತ್ತು ಸಣ್ಣಕ್ಷರದಲ್ಲಿರುತ್ತದೆ, ಓದಿ.

ಟ್ಯಾಂಕ್ ತೊಳೆಯುವುದನ್ನು ನಾನೇ ಮಾಡಿಕೊಳ್ಳಬಹುದೆ?

ಕೆಳಗೆ ಡ್ರೈನ್ ನಲ್ಲಿ ಇರುವ ಮಾದರಿಯಾದರೆ ಮಾಡಬಹುದು, ಕ್ರಮ ತಪ್ಪಬಾರದು ಅಷ್ಟೆ. ಮೊದಲು ಮೇನ್ ಸ್ವಿಚ್ ಆರಿಸಿ, ಗ್ಯಾಸ್ ಆದರೆ ವಾಲ್ವ್ ಮುಚ್ಚಿ. ನೀರು ತಣಿಯಲು ಕೆಲವು ಗಂಟೆ ಬಿಡಿ. ಒಳಬರುವ ನೀರು ನಿಲ್ಲಿಸಿ, ಮೇಲಿನ ಒಂದು ಬಿಸಿನೀರಿನ ನಲ್ಲಿ ತೆರೆಯಿರಿ. ಗಾಳಿ ಒಳಹೋಗದಿದ್ದರೆ ನೀರು ಇಳಿಯುವುದಿಲ್ಲ. ಡ್ರೈನ್‌ಗೆ ಪೈಪು ಸಿಕ್ಕಿಸಿ ಖಾಲಿ ಮಾಡಿ. ಆಮೇಲೆ ಒಳಬರುವ ನೀರನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ತಿಳಿನೀರು ಬರುವವರೆಗೆ ಕದಡಿಸಿ.

ಮತ್ತೆ ತುಂಬುವಾಗ ಬಿಸಿನೀರಿನ ನಲ್ಲಿಯಿಂದ ಗಾಳಿಯ ಉಗುಳಾಟ ನಿಂತು ಒಂದೇ ಧಾರೆ ಬರಬೇಕು. ಅದಕ್ಕೆ ಮೊದಲು ಸ್ವಿಚ್ ಹಾಕಿದರೆ, ನೀರಿಲ್ಲದ ಕಾಯಿಲ್ ನೋಡನೋಡುತ್ತಿದ್ದಂತೆ ಸುಟ್ಟುಹೋಗುತ್ತದೆ. ಹೊಸ ಗೀಸರ್ ಕೂರಿಸಿದ ದಿನವೇ ಕಾಯಿಲ್ ಹೋಗುವುದಕ್ಕೂ ಹೆಚ್ಚಾಗಿ ಈ ಅವಸರವೇ ಕಾರಣ.

ಹೊಸದು ಕೂರಿಸುವಾಗ ಏನೇನು ಗಮನಿಸಬೇಕು?

ತಾಮ್ರದ ಪೈಪನ್ನು ಉಕ್ಕಿನ ಟ್ಯಾಂಕಿಗೆ ನೇರ ಜೋಡಿಸಿದರೆ ಆ ಜೋಡಣೆಯಲ್ಲೇ ತುಕ್ಕು ಹತ್ತುತ್ತದೆ; ನಡುವೆ ಎರಡು ಲೋಹಗಳನ್ನು ಬೇರ್ಪಡಿಸುವ ಜೋಡಣೆ ಹಾಕಿಸಿ. ಆನೋಡ್ ಮೇಲಿದ್ದರೆ ಕಡ್ಡಿಯನ್ನು ಹೊರಗೆಳೆಯಲು ಮೇಲೆ ಜಾಗ ಬಿಡಿಸಿ, ಇಲ್ಲವಾದರೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಸೇಫ್ಟಿ ವಾಲ್ವ್‌ನ ನೀರು ಕಣ್ಣಿಗೆ ಕಾಣುವಲ್ಲಿ ಬೀಳಲಿ. ಕೂರಿಸಿದ ತಾರೀಕನ್ನು ಅಳಿಸದ ಪೆನ್ನಿನಲ್ಲಿ ಗೀಸರ್ ಮೈಮೇಲೇ ಬರೆಯಿರಿ. ಆನೋಡ್ ಬದಲಿಸಿದಾಗ ಅದರ ಕೆಳಗೆ ಇನ್ನೊಂದು ತಾರೀಕು.

ಹಳೆಯದನ್ನು ಏನು ಮಾಡಲಿ?

ಉಕ್ಕು, ತಾಮ್ರ, ಹಿತ್ತಾಳೆ ಮೂರೂ ಗುಜರಿಗೆ ಹೋಗುತ್ತವೆ, ಆದ್ದರಿಂದ ಕಸಕ್ಕೆ ಎಸೆಯಬೇಡಿ. ಹೀಟ್ ಪಂಪ್ ಆದರೆ ಅದರೊಳಗಿನ ಶೀತಕ ಅನಿಲವನ್ನು ತಂತ್ರಜ್ಞರಿಂದ ತೆಗೆಸಿದ ಮೇಲಷ್ಟೇ ಕೊಡಬೇಕು. ಇನ್ನೂ ಬಾಳಿಕೆ ಇರುವ ಥರ್ಮೋಸ್ಟಾಟ್, ಕಾಯಿಲ್‌ಗಳನ್ನು ಬಿಚ್ಚಿಟ್ಟುಕೊಳ್ಳುವ ಆಸೆ ಬೇಡ. ಹೊಸ ಮಾದರಿಗೆ ಅವು ಕೂರುವುದು ತೀರಾ ಅಪರೂಪ.